ಬಾಣಂತಿ ಕೋಣೆಯ ಕಾಂಕ್ರೀಟ್ ಪಾಯ

ನನಗೆ ಮೊಮ್ಮಗಳು ಹುಟ್ಟಿ ಇಂದಿಗೆ ಮೂರು ತಿಂಗಳು ಎರಡು ದಿನ. ನಿನ್ನೆ ಮಗ್ಗುಲಾದಳು! ಮಗ್ಗುಲಾದವಳು ತನ್ನನ್ನು ತಾನೇ ಮೆಚ್ಚಿಕೊಂಡು ನಕ್ಕಳು. ಆ ನಗೆ ನೋಡಿದ ಮೇಲೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಮೇಸ್ತ್ರಿಯ ಮೇಲಿಲ್ಲ, ಸಿಮೆಂಟಿನ ಮೇಲಿಲ್ಲ, ಪಕ್ಕದ ಮನೆಯ ಎಮ್ಮೆಯ ಮೇಲಂತೂ ಇಲ್ಲವೇ ಇಲ್ಲ. ಆದ್ದರಿಂದ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಕಾಂಕ್ರೀಟಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಾನು ಮನಸಾರೆ ನಂಬಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಿಜ. ಆದರೆ ನಂಬಿಕೆಗೆ ಆಧಾರವಿತ್ತು. ನಮ್ಮ ಊರು ನ್ಯಾಮತಿಗೂ ಹೊನ್ನಾಳಿಗೂ ನಡುವೆ. ಊರ ಮುಂದಿನ ಹಳ್ಳಕ್ಕೆ ಸೇತುವೆ ಕಟ್ಟುವಾಗ ನಾನು ಹೊಲಕ್ಕೆ ಬುತ್ತಿ ಒಯ್ಯುವ ದಾರಿಯಲ್ಲಿ ಒಂಬತ್ತು ದಿನ ನಿಂತು ನೋಡಿದ್ದೆ. ಬುತ್ತಿ ತಡವಾಯಿತೆಂದು ನಮ್ಮ ಯಜಮಾನರು ಒಂಬತ್ತು ದಿನವೂ ಕೂಗಾಡಿದರು. ವಿದ್ಯೆ ಸುಮ್ಮನೆ ಬರುತ್ತದೆಯೇ?

ಆ ವಿದ್ಯೆ ಉಪಯೋಗಕ್ಕೆ ಬರುವ ದಿನ ಬಂತು. ನನ್ನ ಒಬ್ಬಳೇ ಮಗಳು ಸರೋಜಳನ್ನು ಚನ್ನಗಿರಿಗೆ ಕೊಟ್ಟಿದ್ದೇವೆ. ಅವಳಿಗೆ ಏಳು ತಿಂಗಳಾದಾಗ ಕುಬುಸದ ಶಾಸ್ತ್ರ ಮಾಡಿ ಕರೆತರಲು ಹೋದೆವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಬೀಗಿತಿ ಬಸಮ್ಮನವರು ಉಡಿ ತುಂಬುವುದನ್ನೆಲ್ಲ ಮುಗಿಸಿ, ನನ್ನನ್ನು ಬದಿಗೆ ಕರೆದು ಮೆತ್ತಗೆ ಕೇಳಿದರು.

"ಬೀಗ್ತ್ಯಾರೇ, ನಿಮ್ಮ ಮನೇಲಿ ಬಾಣಂತೀನ ಎಲ್ಲಿ ಮಲಗಸ್ತೀರಿ?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮದು ಎರಡಂಕಣದ ಮನೆ. ಮುಂದಿನ ಅಂಕಣದಲ್ಲಿ ಎರಡು ಎತ್ತು, ಒಂದು ಹಸು. ಅವುಗಳ ಅಪ್ಪಣೆ ಪಡೆದು ದಾಟಿದರೆ ಒಳಗೆ ನಾವು.

"ನಮ್ಮ ಜತೆಗೇ ಮಲಗ್ತಾಳೆ" ಎಂದೆ.

"ದನದ ಉಸಿರಿಗೆ, ಸೊಳ್ಳೆಗೆ ಹಸಿ ಬಾಣಂತಿ ತಡ್ಕಂತಾಳೇನ್ರೀ? ನಮ್ಮಲ್ಲಿ ಬೇರೆ ಕೋಣೆ ಐತೆ. ಇಲ್ಲೇ ಆಗ್ಲಿ ಬಿಡ್ರಿ."

ನನಗೆ ತಾಯಿ ಇರಲಿಲ್ಲ. ಸರೋಜ ಹುಟ್ಟಿದಾಗ ತವರಿನ ಸುಖ ಎಂದರೇನೆಂದು ನಾನು ಕಾಣಲಿಲ್ಲ. ಅತ್ತೆ ಮನೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಹೆತ್ತು, ಹನ್ನೊಂದನೇ ದಿನ ಸೌದೆಗೆ ಹೋದವಳು. ತಲೆಗೆ ಬಟ್ಟೆ ಕಟ್ಟುವವರಿಲ್ಲ, ಬಿಸಿನೀರು ಹುಯ್ಯುವವರಿಲ್ಲ. ಮಗಳ ಬಾಣಂತನ ಮಾತ್ರ ನನ್ನ ಕೈಯಿಂದಲೇ ಆಗಬೇಕೆಂದು ಅವತ್ತೇ ಗೋಡೆಗೆ ಮುಖ ಮಾಡಿ ಹೇಳಿಕೊಂಡಿದ್ದೆ. ಆ ಮಾತು ಈಗ ಚನ್ನಗಿರಿಯ ಪಡಸಾಲೆಯಲ್ಲಿ ಕೈತಪ್ಪಿ ಹೋಗುತ್ತಿತ್ತು.

"ಕೋಣೆ ಕಟ್ಟಸ್ತೀನಿ! ಕಾಂಕ್ರೀಟಿಂದು!" ಎಂದುಬಿಟ್ಟೆ.

ಯಜಮಾನರು ಎಲೆ ಅಡಿಕೆ ನುಂಗಿಕೊಂಡರು.

ಬೀಗಿತಿ, "ಆಗ್ಲಿ. ಒಂಬತ್ತು ತುಂಬೋದ್ರೊಳಗೆ ಕೋಣೆ ಎದ್ದಿದ್ರೆ ನಾನೇ ಕರ್ಕಂಡು ಬಂದು ಬಿಡ್ತೀನಿ. ಇಲ್ದಿದ್ರೆ ಬಂದ ಬಸ್ಸಿಗೇ ವಾಪಸ್ಸು" ಎಂದರು. ಮಗಳನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದೆವು.

ಬಸ್ಸಿನಲ್ಲೇ ಜಗಳ ಶುರುವಾಯಿತು.

"ಕಲ್ಲಿನ ಪಾಯ ಹಾಕಿ ಮಣ್ಣಿನ ಗೋಡೆ ಎತ್ತಿದ್ರೆ ತಿಂಗಳೊಪ್ಪತ್ತಿನಾಗೆ ಆಗ್ತೈತೆ" ಎಂದರು ಯಜಮಾನರು. "ನಮ್ಮಜ್ಜ ಹಾಕಿದ್ದೂ ಕಲ್ಲಿನ ಪಾಯಾನೇ."

"ಎರೆ ಭೂಮಿ ಕಣ್ರೀ ನಮ್ದು. ಬ್ಯಾಸಿಗೇಲಿ ಬಿರಿತೈತೆ, ಮಳೇಲಿ ಉಬ್ಬತೈತೆ. ನಿಮ್ಮಜ್ಜನ ಗೋಡೆ ನೋಡ್ರಿ, ಬಿರುಕಿನಾಗೆ ಹಲ್ಲಿ ಸಂಸಾರ ಹೂಡೈತೆ."

"ಹಲ್ಲಿಗೂ ಒಂದು ಮನೆ ಬೇಕಲ್ಲೇ."

ಮರುದಿನ ಅವರು ನನ್ನನ್ನು ಕೇಳದೆ ಒಂದು ಗಾಡಿ ಕಲ್ಲು ತಂದು ಅಂಗಳದಲ್ಲಿ ಕೆಡವಿದರು. ನಾನು ಅವರನ್ನು ಕೇಳದೆ ಸಿಮೆಂಟಿನ ಪರ್ಮಿಟ್ಟಿಗೆ ಹೊನ್ನಾಳಿ ಬಸ್ಸು ಹತ್ತಿದೆ.

ಸಿಮೆಂಟು ಅಂಗಡಿಯಲ್ಲಿ ಉಪ್ಪಿನಂತೆ ಸಿಗುವ ಪದಾರ್ಥವಲ್ಲ. ಕಚೇರಿಯಲ್ಲಿ ಅರ್ಜಿ ಕೊಟ್ಟು, ಕಾರಣ ಹೇಳಿ, ಚೀಟಿ ಪಡೆಯಬೇಕು. ಗುಮಾಸ್ತರು ಕನ್ನಡಕ ಏರಿಸಿ ಅರ್ಜಿ ತುಂಬತೊಡಗಿದರು.

"ಸಿಮೆಂಟು ಯಾತಕ್ಕಮ್ಮ?"

"ಬಾಣಂತನಕ್ಕೆ."

ಅವರು ಪೆನ್ನು ಕೆಳಗಿಟ್ಟರು. "ಬಾಣಂತಿಗೆ ಶುಂಠಿ ಕೊಡ್ತಾರೆ, ಬೆಲ್ಲ ಕೊಡ್ತಾರೆ. ಸಿಮೆಂಟು ಕೊಡೋದು ಯಾವ ಊರಾಗಮ್ಮ?"

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಕುಬುಸದಿಂದ ಹಿಡಿದು ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟೆ. ಗುಮಾಸ್ತರು, "ನನಗೂ ಮಗಳಿದಾಳೆ ತಾಯಿ, ಅಳಬ್ಯಾಡ್ರಿ" ಎಂದು ಬರೆದುಕೊಂಡರು. ನಾಲ್ಕನೇ ಸಲ ಹೋದಾಗ ಚೀಟಿ ಸಿಕ್ಕಿತು. ಸಿಮೆಂಟು ಎತ್ತಿನ ಗಾಡಿಯಲ್ಲಿ ಬಂತು. ಮೂಟೆಗಳನ್ನು ಒಳಗಿನ ಅಂಕಣದಲ್ಲಿ ಪೇರಿಸಿ, ಅರಿಶಿನ ಕುಂಕುಮ ಹಚ್ಚಿದೆ. ಆ ವಾರ ನಾವು ಗಂಡಹೆಂಡತಿ ಎತ್ತುಗಳ ಪಕ್ಕದಲ್ಲಿ ಮಲಗಿದೆವು.

ಮೇಸ್ತ್ರಿ ಓಬಳೇಶಪ್ಪ ಜಗಳೂರಿನವನು. ಸೇತುವೆ ಕೆಲಸಕ್ಕೆ ಬಂದವನು ಮುಗಿದ ಮೇಲೂ ನಮ್ಮ ಕಡೆಯೇ ಉಳಿದಿದ್ದ. ಒಳ್ಳೆಯ ಕೆಲಸಗಾರ. ಅವನ ದೋಷ ಒಂದೇ: ಯಜಮಾನಿ ಹೇಳಿದಂತೆ ಮಾಡುವುದು.

ಮೊದಲು ಆಯ ನೋಡಿಸಿದೆವು. ನಮ್ಮಲ್ಲಿ ಮನೆಯ ಉದ್ದಗಲವನ್ನು ಅಡಿಯ ಲೆಕ್ಕದಲ್ಲಿ ಹಾಕುವುದಿಲ್ಲ, ಯಜಮಾನಿಯ ಮೊಳದ ಲೆಕ್ಕದಲ್ಲಿ ಹಾಕಬೇಕು. ಆಯ ಕೂಡಿ ಬರದಿದ್ದರೆ ಮನೆಗೆ ಏಳಿಗೆ ಇಲ್ಲ. ಮಠದ ಅಯ್ಯನವರು ಬಂದು, ಬೆರಳು ಮಡಚಿ ಎಣಿಸಿ, "ಉದ್ದ ಒಂಬತ್ತು ಮೊಳ, ಅಗಲ ಏಳು ಮೊಳ. ಹೆಚ್ಚಬಾರದು, ಕಮ್ಮಿಯಾಗಬಾರದು" ಎಂದು ಅಪ್ಪಣೆ ಕೊಟ್ಟರು. ಮೇಸ್ತ್ರಿ ನನ್ನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಬಿದಿರು ಕಡ್ಡಿ ಕತ್ತರಿಸಿಕೊಂಡ. ಕಡ್ಡಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಅಮ್ಮ, ನೀವು ಒಸಿ ಕುಳ್ಳು."

"ಬಾಯಿ ಮುಚ್ಕಂಡು ಅಳತೆ ಹಾಕಪ್ಪ."

"ನಾಕು ಕಡೆ ಗುಂಡಿ ತೋಡಿ ಪಾಯ ತುಂಬಿದ್ರೆ ಸಾಕು ಕಣಮ್ಮ."

"ಮಧ್ಯದ ಎರೆಮಣ್ಣು ಉಬ್ಬಿ ಬಾಣಂತಿ ಮಂಚ ಎತ್ತಿಬಿಟ್ರೆ? ಪೂರ್ತಿ ತೆಗೆಸು. ಗಟ್ಟಿ ಗೊಚ್ಚುಮಣ್ಣು ಸಿಗೋವರೆಗೂ ತೆಗೆಸು."

ತೆಗೆಸಿದ. ಎದೆಮಟ್ಟ ಗುಂಡಿಯಾಯಿತು. ಅಗೆದ ಮಣ್ಣು ಪಕ್ಕದಲ್ಲಿ ಸಣ್ಣ ಗುಡ್ಡವಾಯಿತು.

"ಈಗ ತಳಕ್ಕೂ ಕಾಂಕ್ರೀಟ್ ಹಾಕು" ಎಂದೆ.

"ತಳಕ್ಕೆ ಯಾಕಮ್ಮ? ಆಮೇಲೆ ಗೊಚ್ಚು ತುಂಬ್ತೀವಲ್ಲ."

"ಗೆದ್ದಲು ಬರ್ತಾವೆ. ಹಾಕು."

"ಗೋಡೆ ಪಾಯ ಒಂದು ಮೊಳ ದಪ್ಪ ಸಾಕಲ್ಲ?"

"ಸೇತುವೆದು ಎಷ್ಟಿತ್ತು?"

"ಸೇತುವೆ ಮ್ಯಾಲೆ ಲಾರಿ ಹೋಗ್ತಾವೆ ತಾಯಿ."

"ನನ್ನ ಮೊಮ್ಮಗು ಲಾರಿಗಿಂತ ಕಮ್ಮಿಯೇನೋ? ಎರಡು ಮೊಳ ಹಾಕು! ನೆಲದ ಮ್ಯಾಲೂ ಎರಡು ಮೊಳ ಎಬ್ಬಿಸು."

ಕಲಸುವ ದಿನ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಂಡ್ಲಿಗಳ ನಡುವೆ ನಿಂತೆ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಎಂದು ಅವನು ಹೇಳಿದ. ಮಗಳ ಕೋಣೆಗೆ ಜಿಪುಣತನವೇ? ಅವನು ಆ ಕಡೆ ತಿರುಗಿದಾಗಲೆಲ್ಲ ಇನ್ನೊಂದು ಬಾಂಡ್ಲಿ ಸಿಮೆಂಟು ಸುರಿದೆ. ಹೋಳಿಗೆಗೆ ತುಪ್ಪ ಬಡಿಸುವ ಹಾಗೆ ಸುರಿದೆ. ಗೋಡೆಗೆಂದು ಇಟ್ಟಿದ್ದ ಸಿಮೆಂಟೂ ಪಾಯದಲ್ಲೇ ಐಕ್ಯವಾಯಿತು.

ನಾಲ್ಕು ದಿನದ ಮೇಲೆ ಹಲಗೆ ಬಿಚ್ಚಿದಾಗ ಪಾಯ ಆನೆಯ ಹಾಗೆ ನಿಂತಿತ್ತು. ನಾನು ಕೈ ಮುಗಿದೆ. ಆಮೇಲೆ ಒಳಗೆ ಇಣುಕಿದೆ. ಹೊರಗಿನಿಂದ ಒಂಬತ್ತು ಮೊಳಕ್ಕೆ ಏಳು ಮೊಳ. ಸುತ್ತ ಎರಡೆರಡು ಮೊಳ ದಪ್ಪ ಹೋಗಿ ಒಳಗೆ ಉಳಿದದ್ದು ಐದು ಮೊಳ ಉದ್ದ, ಮೂರು ಮೊಳ ಅಗಲ. ಅದೂ ನನ್ನ ಮೊಳದಲ್ಲಿ!

"ಮೇಸ್ತ್ರಿ, ಮಂಚ ಹಾಕಿದ್ರೆ ನಾನೆಲ್ಲಿ ನಿಂತ್ಕಳ್ಳಿ?"

"ನೀವು ಮಂಚದ ಮ್ಯಾಲೆ ನಿಂತ್ಕಳ್ಳಿ, ಬಾಣಂತೀನ ಹೊರಗೆ ಮಲಗಸ್ರಿ" ಎಂದರು ಯಜಮಾನರು. ಮಾತು ಮುಗಿಯುವ ಮೊದಲೇ ಹೊಲದ ಕಡೆ ನಡೆದಿದ್ದರು.

ಮೊಳ ಹೆಚ್ಚಿಸೋಣವೆಂದರೆ ಆಯ ಕೆಡುತ್ತದೆ. ಪಾಯ ಸಣ್ಣ ಮಾಡೋಣವೆಂದರೆ ಅದು ಈಗ ಬಂಡೆ. ಮೇಸ್ತ್ರಿ ಸಮಾಧಾನ ಹೇಳಿದ. "ಮ್ಯಾಲೆ ಗೋಡೆ ತೆಳ್ಳಗೆ ಎತ್ತಿ ಹೊರ ಅಂಚಿಗೆ ತಗಂಡ್ರೆ ಒಳಗೆ ಜಾಗ ಆಗ್ತೈತೆ, ಹೆದರಬ್ಯಾಡ್ರಿ. ಜಗಳೂರಿನಾಗೆ ನನ್ನ ತಂಗಿ ಮಗಳ ಮದುವೆ ಐತೆ. ಎಂಟು ದಿನದಾಗೆ ಬರ್ತೀನಿ. ಬಂದು ಗೊಚ್ಚು ತುಂಬಿ ಗೋಡೆ ಎತ್ತೋಣ. ಅಲ್ಲೀಗಂಟ ಪಾಯಕ್ಕೆ ನೀರು ಕುಡಸ್ರಿ. ಹಸಿ ಬಾಣಂತಿ ನೋಡ್ಕಂಡಂಗೆ ನೋಡ್ಕಳ್ರಿ. ಒಣಗಬಾರ್ದು."

ಹಸಿ ಬಾಣಂತಿ! ಬೇರೆ ಯಾವ ಹೋಲಿಕೆ ಕೊಟ್ಟಿದ್ದರೂ ನಾನು ಒಂದೆರಡು ಕೊಡ ಚಿಮುಕಿಸಿ ಸುಮ್ಮನಾಗುತ್ತಿದ್ದೆ. ಈ ಮಾತು ಕೇಳಿ ಬೆಳಿಗ್ಗೆ ಮೂವತ್ತು ಕೊಡ, ಸಂಜೆ ಮೂವತ್ತು ಕೊಡ ಬಾವಿಯಿಂದ ಹೊತ್ತು ಸುರಿದೆ. ಒಂದು ಹನಿ ಸೋರಲಿಲ್ಲ. ವಾರದಲ್ಲಿ ಅಂಚಿನವರೆಗೆ ತುಂಬಿ ಆಕಾಶ ಅದರಲ್ಲಿ ಕಾಣಿಸಿತು.

ಪಕ್ಕದ ಮನೆಯ ಹಾಲಮ್ಮ ಬೇಲಿಯಾಚೆಯಿಂದ ಕೇಳಿದಳು, "ಅಕ್ಕಾ, ತೊಟ್ಟಿ ಭಾಳ ಚಂದಾಗೈತೆ. ಎತ್ತಿಗೋ, ಹಸಕ್ಕೋ?"

"ಬಾಣಂತಿಗೆ!"

ಹಾಲಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅವಳ ಮನೆಯ ಹೆಂಚು ಅಲುಗಾಡುವವರೆಗೆ ನಗು ಕೇಳಿಸಿತು.

ಎಂಟು ದಿನ ಕಳೆಯಿತು. ಹದಿನೈದಾಯಿತು. ತಿಂಗಳು ಸಮೀಪಿಸಿತು. ಮದುವೆಗೆ ಹೋದ ಮೇಸ್ತ್ರಿ ಬರಲಿಲ್ಲ. ಅವನಿಗೆ ಅಲ್ಲಿ ಚಳಿಜ್ವರ ಬಂದಿತ್ತೆಂದು ಆಮೇಲೆ ತಿಳಿಯಿತು. ಸರೋಜಳಿಗೆ ಒಂಬತ್ತು ತುಂಬುತ್ತಾ ಬಂತು. ನನಗೆ ಅನ್ನ ಸೇರದಾಯಿತು. ಕೊನೆಗೆ ಯಜಮಾನರ ಕೈಯಲ್ಲಿ ಒಂದು ಕಾಗದ ಬರೆಸಿದೆ. "ಕೋಣೆಯ ಪಾಯ ಅತಿ ಭದ್ರವಾಗಿ ಆಗಿರುತ್ತದೆ. ಗೋಡೆ, ಬಾಗಿಲು ಮತ್ತು ಮಾಡು ಮಾತ್ರ ಬಾಕಿ ಇರುತ್ತದೆ. ದಯಮಾಡಿ ಬಂದು ನೋಡಿಕೊಂಡು, ಮಗಳನ್ನು ಬಿಟ್ಟು ಹೋಗಬೇಕಾಗಿ ಪ್ರಾರ್ಥನೆ."

"ಅವು ಬಿಟ್ರೆ ಕೋಣೆ ಅನ್ನಾಕೆ ಇನ್ನೇನು ಉಳೀತು?" ಎಂದು ಯಜಮಾನರು ಕೇಳಿದರು. ನಾನು ಅಂಟು ಹಚ್ಚಿ ಮುಚ್ಚಿದೆ.

ಅವರು ಬರುವ ದಿನ ಅಂಗಳ ಸಾರಿಸಿ, ಪಾಯದ ನಾಲ್ಕು ಮೂಲೆಗೂ ರಂಗೋಲಿ ಹಾಕಿದೆ. ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು. ಹಾಲಮ್ಮನ ಎಮ್ಮೆ ಅಷ್ಟರಲ್ಲಿ ಹಗ್ಗ ಬಿಚ್ಚಿಕೊಂಡಿತು.

ಉರಿಬಿಸಿಲು. ಎಮ್ಮೆಗೆ ತುಂಬಿದ ನೀರು ಕಂಡಿತು. ಅಗೆದ ಮಣ್ಣಿನ ಗುಡ್ಡ ಅದಕ್ಕೆಂದೇ ಮಾಡಿದ ಇಳಿಜಾರಿನಂತೆ ಕಂಡಿತು. ಅದು ಗಂಭೀರವಾಗಿ ಗುಡ್ಡ ಹತ್ತಿತು, ರಂಗೋಲಿ ತುಳಿಯಿತು, ನನ್ನ ಮಗಳ ಬಾಣಂತಿ ಕೋಣೆಗೆ ದೊಪ್ಪನೆ ಗೃಹಪ್ರವೇಶ ಮಾಡಿತು!

ಮೂರು ಮೊಳದ ಅಗಲ ಅದರ ಹೊಟ್ಟೆಗೆ ಸರಿಯಾಗಿ ಹೊಂದಿತು. ಹೊಲಿದು ತಂದ ರವಿಕೆಯ ಹಾಗೆ. ತಿರುಗಲಾರದು, ಹತ್ತಲಾರದು. ಅದಕ್ಕೆ ಆ ಇಚ್ಛೆಯೂ ಇರಲಿಲ್ಲ. ಮೂತಿ ಮಾತ್ರ ಮೇಲಿಟ್ಟು ಕಣ್ಣು ಮುಚ್ಚಿತು.

ಓಣಿಯೆಲ್ಲ ಸೇರಿತು. ಒಬ್ಬರು ಕೊಂಬು ಹಿಡಿದರು, ಒಬ್ಬರು ಬಾಲ ತಿರುಚಿದರು.

"ನೀರು ಬಿಡ್ರಿ ಮೊದ್ಲು!" ಎಂದರು ಯಾರೋ.

"ಎಲ್ಲಿಂದ ಬಿಡಾಕೆ? ತೂತೇ ಇಲ್ಲ!"

ಯಜಮಾನರು ಉಳಿ ಸುತ್ತಿಗೆ ತಂದು ಪಾಯಕ್ಕೆ ತೂತು ಹೊಡೆಯಲು ಕೂತರು. ನಾನು ಕದ್ದು ಸುರಿದ ಸಿಮೆಂಟು ಈಗ ತನ್ನ ಪ್ರತಾಪ ತೋರಿಸಿತು. ಐದನೇ ಏಟಿಗೆ ಸುತ್ತಿಗೆಯ ಕಾವು ಮುರಿಯಿತು. ಪಾಯದ ಮೇಲೆ ಒಂದು ಅಕ್ಕಿಕಾಳಿನಷ್ಟು ಗುರುತು ಬಿತ್ತು.

"ಭದ್ರ ಐತೆ ಕಣೇ" ಎಂದರು ಯಜಮಾನರು. ಆ ಎರಡು ತಿಂಗಳಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

ಆಗಲೇ ಬಸ್ಸು ಬಂತು.

ಬೀಗಿತಿ ಬಸಮ್ಮನವರು ಮುಂದೆ, ತುಂಬಿದ ಹೊಟ್ಟೆ ಹೊತ್ತ ನನ್ನ ಸರೋಜ ಹಿಂದೆ. ಜನ ದಾರಿ ಬಿಟ್ಟರು. ಬೀಗಿತಿ ಪಾಯದ ಹತ್ತಿರ ಬಂದು ಬಗ್ಗಿ ನೋಡಿದರು. ಎಮ್ಮೆ ಕಣ್ಣು ತೆರೆದು ಅವರನ್ನು ನೋಡಿತು.

"ಬೀಗ್ತ್ಯಾರೇ" ಎಂದರು ಬೀಗಿತಿ, "ಬಾಣಂತಿ ಆಗ್ಲೇ ಬಂದು ಮಲಗ್ಯಾಳಲ್ರೀ!"

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಎಲ್ಲಿ ಬಿಡುತ್ತದೆ? ಅಲ್ಲಿಗೂ ಕಾಂಕ್ರೀಟ್ ಹಾಕಿಸಿದ್ದೆ!

ಆದರೆ ಬಸಮ್ಮನವರು ಲೋಕ ಕಂಡವರು. ಸೆರಗು ಬಿಗಿದು, ಅಂಗಳದಲ್ಲಿ ಬಿದ್ದಿದ್ದ ಯಜಮಾನರ ಕಲ್ಲುಗಳನ್ನು ತೋರಿಸಿದರು. "ಏನ್ ಬೀಗ್ರೇ, ನಿಂತು ನೋಡ್ತೀರಿ? ಈ ಕಲ್ಲು ಅದರ ಮುಂದೆ ಮೆಟ್ಟಿಲಿನಂಗೆ ಇಳಿ ಬಿಡ್ರಿ. ತಾನೇ ಹತ್ತತೈತೆ." ಗಂಡಸರು ಕಲ್ಲು ಇಳಿಬಿಟ್ಟರು. ಹಾಲಮ್ಮ ಹಿಂಡಿಯ ಬುಟ್ಟಿ ಹಿಡಿದು "ಬಾರವ್ವಾ, ಬಾರೇ ನಮ್ಮವ್ವಾ" ಎಂದು ಕರೆದಳು. ಎಮ್ಮೆ ಒಂದು ಮೆಟ್ಟಿಲು ಹತ್ತಿತು. ಎರಡು ಹತ್ತಿತು. ಮೂರನೆಯದರಲ್ಲಿ ಜಾರಿ, ಬಾಲ ಹಿಡಿದಿದ್ದ ನಮ್ಮ ಯಜಮಾನರನ್ನು ನೀರಿನೊಳಗೆ ಎಳೆದುಕೊಂಡು, ತಾನು ಮೇಲೆ ಬಂತು.

ಯಜಮಾನರ ರುಮಾಲು ತೇಲಿತು. ಅದರ ಕೆಳಗಿನಿಂದ ನಿಧಾನವಾಗಿ ಯಜಮಾನರು ಎದ್ದರು.

ಸರೋಜ ನಕ್ಕಳು. ಕಂಬ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುತ್ತಲೇ ಸೊಂಟದ ಮೇಲೆ ಕೈಯಿಟ್ಟಳು. ನಗು ನಿಂತಿತು.

"ಅವ್ವಾ" ಎಂದಳು. "ನೋವು."

ಅಲ್ಲಿಂದ ಮುಂದೆ ತಮಾಷೆಯಿಲ್ಲ. ಹೊನ್ನಾಳಿ ಆಸ್ಪತ್ರೆಗೆ ಒಯ್ಯೋಣವೆಂದರೆ ಬಸ್ಸು ಹೋಗಿತ್ತು. ಗಾಡಿ ಕಟ್ಟುವಷ್ಟರಲ್ಲಿ ಸೂಲಗಿತ್ತಿ ಕೆಂಚಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, "ಗಾಡಿ ಬಿಚ್ರಿ. ದಾರೀಲಿ ಆಗ್ತೈತೆ. ಇಲ್ಲೇ ಆಗ್ಲಿ" ಎಂದಳು. ಯಜಮಾನರು ಒದ್ದೆ ಬಟ್ಟೆಯಲ್ಲೇ ಎತ್ತು ಹಸುಗಳನ್ನು ಹೊರಗೆ ಕಟ್ಟಿದರು. ಹಾಲಮ್ಮ ಮುಂದಿನ ಅಂಕಣ ತೊಳೆದು ಸಾರಿಸಿದಳು. ನಾನು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಸಮ್ಮನವರು ಅವಳ ಕೈ ಹಿಡಿದುಕೊಂಡರು. ಎರಡು ತಿಂಗಳು ಯಾರ ಮನೆ, ಯಾರ ಕೋಣೆ ಎಂದು ಹೋರಾಡಿದ ನಾವಿಬ್ಬರೂ ಬಾಯಿಯಲ್ಲಿ ಒಂದೇ ದೇವರ ಹೆಸರು ಹೇಳುತ್ತಿದ್ದೆವು.

ಸಂಜೆ ದನ ಮನೆಗೆ ಬರುವ ಹೊತ್ತಿಗೆ ಮಗು ಬಂತು. ಬಂದದ್ದು ಅಳಲಿಲ್ಲ. ಕೆಂಚಮ್ಮ ಅದರ ಕಾಲು ಹಿಡಿದು ಬೆನ್ನು ತಟ್ಟಿದಳು. ಅಳಲಿಲ್ಲ. ಬಸಮ್ಮನವರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ಅವರ ಉಗುರು ನನ್ನ ಚರ್ಮಕ್ಕೆ ನಾಟಿದ್ದು ಆಗ ಗೊತ್ತೇ ಆಗಲಿಲ್ಲ. ಕಾಂಕ್ರೀಟು, ಕಲ್ಲು, ಆಯ, ಮೊಳ, ಎಲ್ಲ ಎಷ್ಟು ಹಗುರವೆಂದು ಆ ಒಂದು ಕ್ಷಣದಲ್ಲಿ ತಿಳಿಯಿತು. ಕೆಂಚಮ್ಮ ಮೂರನೇ ಸಲ ತಟ್ಟಿದಳು.

ಅತ್ತಳು! ಹೊರಗೆ ಕಟ್ಟಿದ್ದ ಎತ್ತು ಬೆದರಿ ಗೂಟ ಕೀಳುವ ಹಾಗೆ ಅತ್ತಳು!

"ಹೆಣ್ಣು" ಎಂದಳು ಕೆಂಚಮ್ಮ. ನಾನೂ ಬಸಮ್ಮನವರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು, ಮಗುವಿಗಿಂತ ಜೋರಾಗಿ ಅತ್ತೆವು.

ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಒಯ್ಯಲಾಗದು. ಆದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ ಆಗಬೇಕೆಂದು ಬೀಗಿತಿಯೇ ತೀರ್ಮಾನ ಕೊಟ್ಟರು. ಆದರೆ ನನ್ನ ಕೈಗೆ ಪೂರ್ತಿ ಒಪ್ಪಿಸುವ ಧೈರ್ಯ ಅವರಿಗೆ ಬರಲಿಲ್ಲ. ಪಾಯ ನೋಡಿದವರಿಗೆ ಹೇಗೆ ಬಂದೀತು? ಇಪ್ಪತ್ತೊಂದು ದಿನ ತಾವೇ ನಿಂತರು. ಎಣ್ಣೆ ಹಚ್ಚುವುದು ಅವರು, ನೀರು ಹುಯ್ಯುವುದು ಅವರು, ತಲೆಗೆ ಬಟ್ಟೆ ಕಟ್ಟುವುದು ಅವರು. ನನಗೆ ಉಳಿದದ್ದು ಹಂಡೆಗೆ ನೀರು ತುಂಬುವ ಕೆಲಸ. ನೀರಿಗೇನು ಕೊರತೆ? ಎಮ್ಮೆ ಮುಳುಗಿದ ನೀರನ್ನು ಎತ್ತಿ ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರು ತುಂಬಿಸಿ ಇಟ್ಟಿದ್ದೆ. ದಿನಕ್ಕೆರಡು ಹಂಡೆ ಎತ್ತಿದರೂ ಮುಗಿಯದ ಬಾಣಂತಿ ಕೋಣೆ! ಅದರಲ್ಲಿ ಬಾಣಂತಿ ಒಬ್ಬಳು ಇರಲಿಲ್ಲ, ಅಷ್ಟೇ.

ಇಪ್ಪತ್ತೆರಡನೇ ದಿನ ಬೀಗಿತಿ ಚನ್ನಗಿರಿಗೆ ಹೊರಟರು. ಮಗುವಿಗೆ ಐದು ತಿಂಗಳಾಗುವವರೆಗೆ ಸರೋಜ ಇಲ್ಲೇ ಇರಲಿ ಎಂದು ತಾವಾಗಿಯೇ ಹೇಳಿದರು. ಬಸ್ಸು ಹಾರ್ನ್ ಹಾಕುತ್ತಿದ್ದರೂ ನನ್ನ ಎರಡೂ ಕೈ ಹಿಡಿದುಕೊಂಡು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದಂತೂ ಹರಿಯುತ್ತಿತ್ತು.

"ಬೀಗ್ತ್ಯಾರೇ, ಒಂದು ಮಾತು ನಡೆಸಿಕೊಡ್ಬೇಕು."

"ಹೇಳ್ರಿ. ಪ್ರಾಣ ಕೇಳಿದ್ರೂ ಕೊಡ್ತೀನಿ."

"ಎರಡನೇ ಬಾಣಂತನಾನೂ ನಿಮ್ಮಲ್ಲೇ ಆಗ್ಲಿ."

ನಾನು ಅವರ ಕೈಗಳನ್ನು ಕಣ್ಣಿಗೆ ಒತ್ತಿಕೊಂಡೆ. ಬಸಮ್ಮನವರು ಇನ್ನೂ ಹತ್ತಿರ ಬಂದು, ನನ್ನ ಕಿವಿಯ ಬಳಿ ಬಹಳ ಗೌರವದಿಂದ ಹೇಳಿದರು.

"ಆದ್ರೆ ಕೈ ಮುಗಿದು ಕೇಳ್ತೀನಿ, ಅಷ್ಟರಾಗೆ ಏನೂ ಕಟ್ಟಸಬ್ಯಾಡ್ರಿ."

ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿದೆ. ನನ್ನ ಒಬ್ಬಳ ಆಣೆಯನ್ನು ನಂಬದೆ ನಮ್ಮ ಯಜಮಾನರು ಓಣಿಯವರನ್ನೆಲ್ಲ ಸಾಕ್ಷಿಗೆ ಕರೆದರು. ಕರೆದಿದ್ದೇ ತಡ, ಎಲ್ಲರೂ ಓಡಿ ಬಂದರು!